ಬಸುರಿಗೆ ಬಸ್ಸಾರು

ನಾನು ಬರೆದು ಅಚ್ಚಾದ ಮೊದಲ ಕನ್ನಡ ಬರಹವೆಂದರೆ ಎಂಟು ಪುಟಗಳ ಒಂದು ಕಿರುಹೊತ್ತಗೆ. ಅದರ ಹೆಸರು ‘ಮಿತವ್ಯಯದಲ್ಲಿ ಸಮತೋಲಿತ ಆಹಾರ’. ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳಲ್ಲಿ ನಾನು ಮೆಲ್ಬರ್ನಿನಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ಅಲ್ಲಿನ ಒಂದು ಆರೋಗ್ಯ ಕೇಂದ್ರದವರು ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ ಮಾಡುವುದು ಹೇಗೆಂಬ ಮಾಹಿತಿಯನ್ನು ಹಲವು ಭಾಷೆಗಳಲ್ಲಿ ಹಂಚುತ್ತಿದ್ದರು. ಹಿಂದಿಯಿತ್ತು, ತಮಿಳಿತ್ತು, ಕನ್ನಡವಿರಲಿಲ್ಲ. ಇದು ಅನ್ಯಾಯವೆಂದು ನಾನು ಅವರಿಗೆ ಎರಡು ಪುಟಗಳ ಪತ್ರ ಬರೆದೆ. ಅವರು ಸೌಜನ್ಯದಿಂದ ಒಪ್ಪಿಕೊಂಡು, ಹಾಗಿದ್ದರೆ ನೀವೇ ಅನುವಾದ ಮಾಡಿಕೊಡಿ ಎಂದರು.

ಅನ್ಯಾಯ ಕಂಡಲ್ಲಿ ಪತ್ರ ಬರೆಯುವುದು ನನಗೆ ಶಾಲೆ ಕಲಿಸಿದ ಅಭ್ಯಾಸ. ಬೆಂಗಳೂರಿನ ಹೊರವಲಯದ ಆ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ, ಸಮವಸ್ತ್ರವಿರಲಿಲ್ಲ. ನಮ್ಮ ತಟ್ಟೆಯನ್ನು ನಾವೇ ತೊಳೆಯಬೇಕಿತ್ತು. ಪ್ರತಿ ಶುಕ್ರವಾರ ಎಲ್ಲರೂ ವೃತ್ತವಾಗಿ ಕುಳಿತು, ಆ ವಾರ ಕಂಡ ಒಂದು ತಪ್ಪನ್ನು ಹೆಸರಿಟ್ಟು ಹೇಳಬೇಕಿತ್ತು. ಹೆಸರಿಡದ ತಪ್ಪನ್ನು ಯಾರೂ ತಿದ್ದುವುದಿಲ್ಲ ಎಂಬುದು ನಮ್ಮ ಗುರುಗಳ ನಂಬಿಕೆಯಾಗಿತ್ತು. ಇಂದಿಗೂ ಅದು ನನ್ನ ನಂಬಿಕೆ.

ಅನುವಾದಕ್ಕೆ ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆ. ‘ಸಂಪೂರ್ಣ ಧಾನ್ಯಗಳು’, ‘ದ್ವಿದಳ ಧಾನ್ಯಗಳು’, ‘ಹಸಿರೆಲೆ ತರಕಾರಿಗಳು’, ‘ಕಬ್ಬಿಣಾಂಶಭರಿತ ಆಹಾರ’ ಎಂದು ಒಂದೊಂದು ಪದವನ್ನೂ ತೂಗಿ ಬರೆದೆ. ಒಂದೇ ಒಂದು ಇಂಗ್ಲಿಷ್ ಪದ ನುಸುಳದಂತೆ ನೋಡಿಕೊಂಡೆ. ಹೊತ್ತಗೆ ಅಚ್ಚಾಗಿ ಬಂದ ದಿನ ನನಗಾದ ಸಂತೋಷ ಸಣ್ಣದಲ್ಲ. ಓದು ಮುಗಿಸಿ, ಸಿಡ್ನಿಯ ಪ್ಯಾರಮಟ್ಟಾದಲ್ಲಿ ಬಾಡಿಗೆದಾರರಿಗೆ ಕಾನೂನಿನ ಸಲಹೆ ಕೊಡುವ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ಹೊರಟಾಗ, ಅದರ ಹತ್ತು ಪ್ರತಿಗಳನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡಿದ್ದೆ.

ಪ್ಯಾರಮಟ್ಟಾದ ಹತ್ತಿರದ ಗಿರಾವೀನ್‌ನಲ್ಲಿ ಎರಡು ಕೋಣೆಗಳ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದ ಒಂದು ಯುವ ದಂಪತಿ ನನಗೆ ಒಂದು ಕೋಣೆ ಕೊಟ್ಟರು. ಗಂಡ ಚಿಂತಾಮಣಿಯವನು, ಹಗಲು ಅಕೌಂಟಿಂಗ್ ಓದುತ್ತಿದ್ದ, ಸಂಜೆ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ. ಹೆಂಡತಿ ಮುಳಬಾಗಿಲಿನ ಹತ್ತಿರದ ಹಳ್ಳಿಯವಳು. ಬಂದು ವರ್ಷ ತುಂಬಿರಲಿಲ್ಲ. ಅವಳು ನನ್ನನ್ನು ಅಕ್ಕ ಎಂದಳು. ಅವನು ಮೇಡಂ ಎಂದ. ಆ ಮೇಡಂನಲ್ಲಿ ಗೌರವ ಅರ್ಧ, ಕೀಟಲೆ ಅರ್ಧ. ಬೆಳಗಿನ ಕಾಫಿ ಹೀರುತ್ತ, “ಮೇಡಂ, ಇವತ್ತಿನ ಅನ್ಯಾಯ ಯಾವುದು?” ಎಂದು ಕೇಳುವುದು ಅವನ ದಿನಚರಿಯಾಯಿತು. ನಾನು ಗಂಭೀರವಾಗಿಯೇ ಉತ್ತರಿಸುತ್ತಿದ್ದೆ. ಬಿಡಿ ಟೊಮೆಟೊಗಿಂತ ಪ್ಲಾಸ್ಟಿಕ್ ತಟ್ಟೆಯ ನಾಲ್ಕು ಟೊಮೆಟೊ ತುಟ್ಟಿ. ಬಡವರು ವಾಸಿಸುವ ಸಬರ್ಬಿನಲ್ಲೇ ತರಕಾರಿ ಅಂಗಡಿ ಕಡಿಮೆ, ಕರಿದ ಕೋಳಿಯ ಅಂಗಡಿ ಹೆಚ್ಚು. ಗಂಡನ ವೀಸಾದ ನೆರಳಲ್ಲಿ ಬಂದ ಹೆಂಡತಿಗೆ ಇಂಗ್ಲಿಷ್ ಕಲಿಸುವ ತರಗತಿಗೆ ಪ್ರವೇಶವಿಲ್ಲ. ಬಂಕಿನ ಮಾಲೀಕ ಕೆಲಸ ಕಲಿಯುವ ಮೊದಲ ವಾರಕ್ಕೆ ಸಂಬಳ ಕೊಟ್ಟಿಲ್ಲ. ಕೊನೆಯದನ್ನು ಹೇಳಿದ ದಿನ ಅವನು ನಗಲಿಲ್ಲ. ಪತ್ರ ಬರೆಯಲು ನನಗೆ ಅವನೇ ಪೆನ್ನು ತಂದುಕೊಟ್ಟ. ಹೆಂಡತಿ ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣುವುದೂ ಅನ್ಯಾಯವೆಂದು ಸಾರಿ, ಮೂವರೂ ಒಟ್ಟಿಗೆ ಕೂರುವ, ಮೂವರೂ ಅಡುಗೆ ಮಾಡುವ ನಿಯಮವನ್ನು ಆ ಮನೆಯಲ್ಲಿ ತಂದೆ.

ಆ ವರ್ಷದ ಅಕ್ಟೋಬರಿನಲ್ಲಿ ಅವಳು ನಾಲ್ಕು ತಿಂಗಳ ಬಸುರಿ. ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಬೆಳಿಗ್ಗೆ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ನೆಲದ ಮೇಲೆ ಕುಳಿತೇಬಿಟ್ಟಳು. ಪ್ಯಾರಮಟ್ಟಾದ ವೈದ್ಯೆಯ ಬಳಿ ನಾನೇ ಕರೆದೊಯ್ದೆ, ದುಭಾಷಿಯಾಗಿ ಪಕ್ಕದಲ್ಲಿ ಕುಳಿತೆ. ರಕ್ತ ಬಹಳ ಕಡಿಮೆಯಿದೆ ಎಂದರು ವೈದ್ಯೆ. ಮಾತ್ರೆ ಬರೆದುಕೊಟ್ಟು, ಊಟವೂ ಬದಲಾಗಬೇಕೆಂದರು. ಜನವರಿಯ ಪರೀಕ್ಷೆಯಲ್ಲೂ ಏರದಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಹಾಕಬೇಕಾಗುತ್ತದೆ, ಮತ್ತು ಅವಳು ಆಸೆಪಟ್ಟಿದ್ದ, ಸೂಲಗಿತ್ತಿಯರೇ ನಡೆಸುವ ಚಿಕ್ಕ ಹೆರಿಗೆ ಕೇಂದ್ರದಲ್ಲಿ ಸೇರಿಸಿಕೊಳ್ಳುವುದಿಲ್ಲ. ಸೂಜಿ ಕಂಡರೆ ನಡುಗುವ ಹುಡುಗಿ. ಅಂದು ರಕ್ತ ತೆಗೆಯುವಾಗಲೇ ನನ್ನ ಮಣಿಕಟ್ಟಿನ ಮೇಲೆ ಅವಳ ಉಗುರಿನ ಗುರುತು ಮೂಡಿತ್ತು. ಜನವರಿಯೊಳಗೆ ರಕ್ತ ಏರಬೇಕು ಎಂಬುದೊಂದೇ ಅಂದಿನಿಂದ ನಮ್ಮ ಮನೆಯ ಮಂತ್ರವಾಯಿತು.

ನಾನು ಉತ್ಸಾಹದಿಂದ ನನ್ನ ಹೊತ್ತಗೆಯ ಪ್ರತಿಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅವಳು ಅದನ್ನು ಎರಡೆರಡು ಸಲ ಓದಿದಳು. ಕಬ್ಬಿಣಾಂಶ ಎಂಬ ಪದ ಕಂಡಾಗ, ಹಾಗಿದ್ದರೆ ಊರಿಂದ ಬಾಣಲೆ ತರಿಸಿ ನೆಕ್ಕಲೇ ಎಂದು ನಕ್ಕಳು. ಆದರೆ ಪಾಲಿಸುವುದರಲ್ಲಿ ಅವಳ ಶ್ರದ್ಧೆಗೆ ಸಾಟಿಯಿರಲಿಲ್ಲ. ಮಾರನೆಯ ದಿನದಿಂದಲೇ ಮನೆಗೆ ಲೆಟಿಸ್ ಬರತೊಡಗಿತು. ನೋಡಲು ಎಲೆಕೋಸು, ಅಗಿದರೆ ನೀರು. ಅದನ್ನು ಅವಳು ಉಪ್ಪುಖಾರ ಹಚ್ಚಿ ತಿಂದಳು, ಉಪ್ಪಿಟ್ಟಿಗೆ ಹಾಕಿದಳು, ಹುಳಿಯಲ್ಲಿ ಬೇಯಿಸಿ ಅದು ಕರಗಿ ಮಾಯವಾದದ್ದನ್ನು ನೋಡಿ ಬೆಚ್ಚಿದಳು. ರಾಗಿಮುದ್ದೆ ಬಿಟ್ಟು ಕಂದು ಬ್ರೆಡ್ ಹಿಡಿದಳು. ಗಂಡ ತನ್ನ ಪಾಲಿಗೆ ದಾಳಿಂಬೆ, ಗೋಡಂಬಿ ತಂದು ಸುರಿದ. ತಿಂಗಳ ದಿನಸಿಯ ಖರ್ಚು ಏರಿತು. ಅವಳ ಮುಖ ಮಾತ್ರ ಸುಣ್ಣದಂತೆಯೇ ಇತ್ತು. ಮಾತ್ರೆ ನುಂಗಿದರೆ ವಾಕರಿಕೆ. ವೈದ್ಯೆ ಅದನ್ನು ದಿನ ಬಿಟ್ಟು ದಿನ ಮಾಡಿದರು. ಹೀಗೆ ಆರು ವಾರ ಕಳೆಯಿತು.

ನವೆಂಬರಿನ ಕೊನೆಯ ಒಂದು ಶನಿವಾರ ಮೂವರೂ ಬ್ಲ್ಯಾಕ್‌ಟೌನ್‌ಗೆ ತರಕಾರಿ ತರಲು ಹೋದೆವು. ಅಲ್ಲಿ ಮಾಲ್ಟಾ ದ್ವೀಪದಿಂದ ಬಂದ ಒಬ್ಬ ವೃದ್ಧೆಯ ಅಂಗಡಿಯಿತ್ತು. ಗಿರಾಕಿಗಳು ಬೀಟ್‌ರೂಟ್ ಕಟ್ಟು ಕೈಗೆತ್ತಿಕೊಂಡು ಎಲೆಗಳನ್ನು ತಿರುಚಿ ತೆಗೆದುಕೊಡುವಂತೆ ಕೇಳುತ್ತಿದ್ದರು. ಆಕೆ ತಿರುಚಿ, ಕೆಂಪು ದಂಟಿನ ಆ ರಾಶಿಯನ್ನು ಡಬ್ಬಕ್ಕೆ ಎಸೆಯುತ್ತಿದ್ದಳು. ಇವಳು ಅಲ್ಲೇ ನಿಂತುಬಿಟ್ಟಳು.

“ಅಕ್ಕಾ, ಅಷ್ಟೊಂದು ಸೊಪ್ಪು ಯಾಕೆ ಬಿಸಾಕ್ತಾವ್ರೆ?”

ತರಕಾರಿ ಅಂದವಾಗಿ ಕಾಣಬೇಕೆಂಬ ಹಟದಿಂದ ಈ ದೇಶ ಅರ್ಧ ಬೆಳೆಯನ್ನು ಕಸಕ್ಕೆ ಹಾಕುತ್ತದೆ, ಇದು ರೈತನಿಗೂ ಮಣ್ಣಿಗೂ ಬಗೆಯುವ ದ್ರೋಹ ಎಂದು ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಟ್ಟುಸಿರಿಟ್ಟು, “ನಾನು ತಿನ್ನಂಗಿದ್ದಿದ್ರೆ ಎಷ್ಟು ಚೆನ್ನಾಗಿರೋದು” ಎಂದಳು.

ತಿನ್ನಬಾರದೆಂದು ಯಾರು ಹೇಳಿದರು ಎಂದು ಕೇಳಿದೆ.

“ನಿಮ್ಮ ಪುಸ್ತಕದಾಗೆ ಸೊಪ್ಪು ಅಂತ ಎಲ್ಲೂ ಇಲ್ಲವಲ್ಲಕ್ಕ. ಇರೋದೆಲ್ಲ ಹಸಿರೆಲೆ ತರಕಾರಿ.”

ಅವಳ ತರ್ಕ ಸ್ಪಷ್ಟವಾಗಿತ್ತು. ಬಸುರಿಯರು ಕೆಲವು ಸೊಪ್ಪು ತಿನ್ನಬಾರದೆಂದು ಊರಿನ ಹಿರಿಯರು ಹೇಳುತ್ತಿದ್ದರು. ಎಂಟು ಪುಟಗಳ ಪುಸ್ತಕದಲ್ಲಿ ಒಂದು ಕಡೆಯೂ ಸೊಪ್ಪಿನ ಹೆಸರಿಲ್ಲವೆಂದರೆ ಈ ದೇಶದಲ್ಲಿ ಎಲ್ಲ ಸೊಪ್ಪೂ ನಿಷಿದ್ಧವೆಂದೇ ಅರ್ಥ. ಹಸಿರಾದ, ಎಲೆಯಿರುವ, ತರಕಾರಿ ಎಂದು ಹುಡುಕಿದಾಗ ಅವಳಿಗೆ ಸಿಕ್ಕಿದ್ದು ಲೆಟಿಸ್. ಸಂಪೂರ್ಣ ಧಾನ್ಯವೆಂದರೆ ರಾಗಿಯೂ ಹೌದು, ದ್ವಿದಳ ಧಾನ್ಯವೆಂದರೆ ಅವಳ ಡಬ್ಬಿಯಲ್ಲೇ ಇದ್ದ ಹುರುಳಿ, ಅಲಸಂದೆ ಎಂಬುದೂ ಅವಳಿಗೆ ಹೊಳೆದಿರಲಿಲ್ಲ. ನನ್ನ ಜಿಲ್ಲೆಯದಲ್ಲದ, ಯಾವ ಜಿಲ್ಲೆಯದೂ ಅಲ್ಲದ ಒಂದು ಕನ್ನಡವನ್ನು ನಾನು ಅವಳ ಫ್ರಿಜ್ಜಿಗೆ ಅಂಟಿಸಿದ್ದೆ. ಆ ವಾರದ ಅನ್ಯಾಯ ನನ್ನದೇ. ಅಲ್ಲೇ, ಕಿತ್ತಳೆಯ ರಾಶಿಯ ಪಕ್ಕದಲ್ಲಿ, ಹೆಸರಿಟ್ಟು ಒಪ್ಪಿಕೊಂಡೆ.

“ಹಸಿರೆಲೆ ತರಕಾರಿ ಅಂದ್ರೆ ಸೊಪ್ಪೇ ಕಣೇ.”

ಅವಳು ನನ್ನ ಮುಖವನ್ನೇ ನೋಡಿದಳು. ಮೊದಲು ತುಟಿ ಅದುರಿತು, ಆಮೇಲೆ ಭುಜ; ಕೊನೆಗೆ ನಗು ತಡೆಯಲಾಗದೆ ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಳಿತುಬಿಟ್ಟಳು. “ಸೊಪ್ಪು ಅನ್ನೋಕೆ ಅಷ್ಟು ದೂರ ಯಾಕಕ್ಕ ಹೋದ್ರಿ” ಎಂದು ಕಣ್ಣೊರೆಸಿಕೊಂಡಳು.

ಡಬ್ಬಕ್ಕೆ ಬೀಳುವ ಮೊದಲೇ ಆ ಎಲೆಗಳನ್ನು ಕೊಡುವಿರಾ ಎಂದು ಕೇಳಲು ಗಂಡನನ್ನು ಕಳಿಸಿದೆವು. ಮೊಲಕ್ಕೋ ಎಂದು ವೃದ್ಧೆ ಕೇಳಿದಳಂತೆ. ಇವನು ಹೌದು, ಎರಡು ಮೊಲಗಳಿವೆ ಎಂದುಬಿಟ್ಟ. ಕಾರಿನಲ್ಲಿ ನಾನು ಅವನನ್ನು ಸುಮ್ಮನೆ ಬಿಡಲಿಲ್ಲ. ಅವನೂ ಸುಮ್ಮನಿರಲಿಲ್ಲ: ಸೊಪ್ಪು ಆಯ್ದು ತಿನ್ನುವುದು ಕೂಲಿಯವರ ಕೆಲಸವೆಂದು ಅವರ ಮನೆಯಲ್ಲಿ ಹೇಳುತ್ತಿದ್ದರು, ಆಸ್ಟ್ರೇಲಿಯಾಕ್ಕೆ ಬಂದು ಮಗ ಅಂಗಡಿಯ ಕಸ ಹೆಕ್ಕುತ್ತಿದ್ದಾನೆಂದು ತಾಯಿಗೆ ಗೊತ್ತಾದರೆ ಏನು ಗತಿ. ಕೂಲಿಯವರ ತಟ್ಟೆಯನ್ನು ಕೀಳೆಂದು ಕಲಿಸಿದ್ದು ಹಸಿವಲ್ಲ, ಜಾತಿ ಎಂದು ನಾನು ಹೇಳಿದೆ. ವಾದ ಬಿಸಿಯೇರುತ್ತಿದ್ದಾಗ ಹಿಂದಿನ ಸೀಟಿನಿಂದ ಅವಳು ಕೇಳಿದಳು:

“ರೀ, ಎರಡು ಮೊಲ ಅಂದ್ರಲ್ಲ. ಒಂದು ನಾನು. ಇನ್ನೊಂದು ಯಾರು, ಹೊಟ್ಟೇಲಿರೋದಾ?”

ಅವನು ನಗು ತಡೆಯಲಾರದೆ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಅಂದು ಅವಳು ಬಸ್ಸಾರು ಮಾಡಲು ನಿಂತಳು. ಬಸ್ಸಾರಿನಷ್ಟು ಮಿತವ್ಯಯದ, ಅದರಷ್ಟು ಸಮತೋಲಿತವಾದ ಅಡುಗೆಯನ್ನು ನಾನು ಬೇರೆ ಕಂಡಿಲ್ಲ. ಕಾಳು ಬೇಯುತ್ತ ಬಂದಾಗ ಸೊಪ್ಪು ಸೇರಿಸಿ, ಬೆಂದ ಮೇಲೆ ನೀರನ್ನು ಬಸಿಯಬೇಕು. ಆ ಬಸಿದ ನೀರೇ ಕಟ್ಟು; ಅದಕ್ಕೆ ಹುರಿದ ಈರುಳ್ಳಿ, ಮೆಣಸಿನಕಾಯಿ, ತೆಂಗಿನಕಾಯಿ, ಹುಣಸೆಹಣ್ಣನ್ನು ಒಂದು ಹಿಡಿ ಬೆಂದ ಕಾಳು-ಸೊಪ್ಪಿನೊಂದಿಗೆ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ, ಜೊತೆಗೆ ಮುದ್ದೆ. ನನ್ನ ಎಂಟು ಪುಟಗಳು ಹೇಳಿದ್ದೆಲ್ಲವೂ ಆ ಒಂದು ತಟ್ಟೆಯಲ್ಲಿತ್ತು.

ಆದರೆ ಮೂವರೂ ಅಡುಗೆ ಮಾಡಬೇಕೆಂಬ ನನ್ನ ನಿಯಮವಿತ್ತಲ್ಲ. ಅವಳು ತೆಂಗಿನಕಾಯಿ ತುರಿಯುತ್ತಿದ್ದಾಗ, ಗಂಡ ತಾನೇ ಬಸಿಯುತ್ತೇನೆಂದು ಮುಂದೆ ಬಂದ. ನೂಡಲ್ಸ್ ಬಸಿದು ಪಳಗಿದ ಕೈ. ತೂತಿನ ಬೋಗುಣಿಯನ್ನು ಸಿಂಕಿನಲ್ಲಿಟ್ಟು, ಪಾತ್ರೆಯನ್ನು ಹೆಮ್ಮೆಯಿಂದ ಬಗ್ಗಿಸಿದ. ಹಬೆ ಎದ್ದಿತು. ಕಡುಗೆಂಪು ಕಟ್ಟು ಗಳಗಳನೆ ಕೊಳವೆಯೊಳಗೆ ಇಳಿಯಿತು. ಅವಳು ತುರಿಮಣೆಯಿಂದ ತಲೆಯೆತ್ತಿ ಅದನ್ನು ಕೊನೆಯ ಹನಿಯವರೆಗೂ ನೋಡಿದಳು.

“ಸಾರೆಲ್ಲ ಪ್ಯಾರಮಟ್ಟಾ ನದಿಗೆ ಹೋಯ್ತು” ಎಂದಳು. “ಅಲ್ಲಿ ಮೀನುಗಳು ಬಾಣಂತನ ಮಾಡಿಕೊಳ್ಳಲಿ.”

ಆ ಮಧ್ಯಾಹ್ನ ಪಲ್ಯ, ಮುದ್ದೆ, ಮಜ್ಜಿಗೆಯಲ್ಲಿ ಊಟವಾಯಿತು. ಆರು ವಾರಗಳಲ್ಲಿ ಮೊದಲ ಬಾರಿಗೆ ಅವಳು ಎರಡನೆಯ ಸಲ ಬಡಿಸಿಕೊಂಡಳು. ಮುಂದೆ ಒಲೆ ಹಚ್ಚುವ ಮೊದಲೇ ಬೋಗುಣಿಯ ಕೆಳಗೆ ಪಾತ್ರೆಯಿಡುವುದು ಗಂಡನ ಕೆಲಸವಾಯಿತು. ಅವನು ಅದನ್ನು ಪರೀಕ್ಷೆಗಿಂತ ಹೆಚ್ಚಿನ ಎಚ್ಚರದಿಂದ ಮಾಡಿದ. ಬಸುರಿಗೆ ಬಸ್ಸಾರು, ಬಸಿಯೋಕೆ ಗಂಡ ಎಂದು ಅವಳು ಹಾಡಿನಂತೆ ಹೇಳುತ್ತಿದ್ದಳು.

ಮೊಲದ ಸುಳ್ಳು ಮಾತ್ರ ನನ್ನನ್ನು ಕೊರೆಯುತ್ತಿತ್ತು. ನಿಜ ಹೇಳಿದರೆ ಸೊಪ್ಪು ನಿಂತುಹೋಗುತ್ತದೆ ಎಂದು ಅವನು ಅಂಜಿದ. ಅವಳಿಗೂ ಒಳಗೊಳಗೇ ಆ ಭಯ. ಆದರೂ ಮುಂದಿನ ಶನಿವಾರ ನಾನು ವೃದ್ಧೆಯ ಮುಂದೆ ನಿಂತು, ನಮ್ಮ ಮನೆಯಲ್ಲಿ ಮೊಲಗಳಿಲ್ಲ, ಇದನ್ನು ತಿನ್ನುವವರು ನಾವು, ಈಕೆ ಗರ್ಭಿಣಿ ಎಂದು ತಿಳಿಸಿದೆ. ಆಕೆ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಮೊಲ ಸಾಕುವವರು ದಂಟನ್ನು ಮುರಿದು ಎಳೆಯದೋ ಬಲಿತದ್ದೋ ಎಂದು ನೋಡುವುದಿಲ್ಲ, ಈ ಹುಡುಗಿ ನೋಡಿದಳು, ನನಗೆ ಅವತ್ತೇ ಗೊತ್ತಾಗಿತ್ತು ಎಂದಳು. ತನ್ನ ತಾಯಿಯೂ ಅದನ್ನು ಬೇಯಿಸಿ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಿದ್ದಳಂತೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನೆರೆಯವರು ನಗುತ್ತಾರೆಂದು ತಾವೂ ಮೊಲಕ್ಕೆ ಎಂದೇ ಹೇಳುತ್ತಿದ್ದರಂತೆ. ಅಂದಿನಿಂದ ಆಕೆ ಎಳೆಯ ಎಲೆಗಳನ್ನು ಬೇರೆಯಾಗಿ, ಒದ್ದೆ ಕಾಗದದಲ್ಲಿ ಸುತ್ತಿಟ್ಟಳು. ನಾವೂ ಬೀಟ್‌ರೂಟನ್ನು ಎಲೆಸಮೇತ ಕೊಂಡೆವು. ಒಂದೇ ಬೆಲೆಗೆ ಎರಡು ತರಕಾರಿ. ನಿಂಬೆಯ ಮಾತನ್ನು ವೈದ್ಯೆಯೂ ಅನುಮೋದಿಸಿದರು: ಹುಳಿಯಿದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ, ಊಟದ ಜೊತೆ ಕಾಫಿ ಬೇಡ.

ಒಮ್ಮೆ ಕಣ್ಣು ತೆರೆದ ಮೇಲೆ ಸಿಡ್ನಿಯ ತುಂಬ ಸೊಪ್ಪೇ ಸೊಪ್ಪು. ಏಷ್ಯನ್ ಅಂಗಡಿಯಲ್ಲಿ ದಂಟಿನ ಸೊಪ್ಪು ಬೇರೆ ಹೆಸರು ಹೊತ್ತು ಅಗ್ಗವಾಗಿ ಕುಳಿತಿತ್ತು. ಮೂಲಂಗಿಯ ತಲೆಯಲ್ಲಿ ಸೊಪ್ಪು, ಹೂಕೋಸಿನ ಸುತ್ತ ಸೊಪ್ಪು. ಬೇಸಿಗೆ ಬಲಿತಂತೆ ನಮ್ಮ ಹಿತ್ತಲಿನಲ್ಲಿ ಗೋಣಿಸೊಪ್ಪು ತಾನಾಗಿ ಹರಡಿತು. ರಸ್ತೆಬದಿಯದನ್ನು ಮುಟ್ಟಕೂಡದು, ಅಲ್ಲಿ ಕಳೆನಾಶಕ ಹೊಡೆಯುತ್ತಾರೆ ಎಂದು ನಾನು ಕಟ್ಟಪ್ಪಣೆ ಮಾಡಿದೆ. ಹಿತ್ತಲಿನದನ್ನು ಅವಳು ಒಂದೊಂದೇ ದಂಟು ಮುರಿದು ಪರೀಕ್ಷಿಸುತ್ತಿದ್ದಳು. ಹಾಲು ಒಸರಿದರೆ ಅದು ಬೇರೆ ಗಿಡ, ಎಸೆಯಬೇಕು. ಈ ವಿದ್ಯೆಯನ್ನು ಅವಳು ಏಳನೆಯ ವಯಸ್ಸಿನಲ್ಲಿ ಅಜ್ಜಿಯ ಹಿಂದೆ ಹೊಲದಲ್ಲಿ ಅಲೆದು ಕಲಿತಿದ್ದಳು. ಡಿಸೆಂಬರಿನಲ್ಲಿ ಮನೆ ನೋಡಲು ಬಂದ ಏಜೆಂಟ್, ಹಿತ್ತಲಿನ ಕಳೆ ಕಿತ್ತುಹಾಕಬೇಕೆಂದು ನೋಟಿಸ್ ಕಳಿಸಿದ. ಇದು ಕಳೆಯಲ್ಲ, ಬಾಡಿಗೆದಾರರ ಕೈತೋಟ ಎಂದು ನಾನು ಮೂರು ಪುಟಗಳ ಉತ್ತರ ಬರೆದೆ. ಮತ್ತೆ ಬಂದು ನೋಡಿದವನು, ಸುತ್ತಲೂ ಒಂದು ಸಾಲು ಇಟ್ಟಿಗೆ ಇಟ್ಟರೆ ತನ್ನದೇನೂ ಅಭ್ಯಂತರವಿಲ್ಲ ಎಂದ. ಇಟ್ಟಿಗೆಯಿದ್ದರೆ ತೋಟ, ಇಲ್ಲದಿದ್ದರೆ ಕಳೆ. ಗಂಡ ಅಂದೇ ಹದಿನಾಲ್ಕು ಇಟ್ಟಿಗೆ ಹೊತ್ತು ತಂದ.

ಕ್ರಿಸ್‌ಮಸ್‌ಗೆ ಮುಂಚೆ ನಾನು ಎರಡು ದಿನದ ಮಟ್ಟಿಗೆ ಮೆಲ್ಬರ್ನಿಗೆ ಹೋಗಿ, ಆರೋಗ್ಯ ಕೇಂದ್ರದವರಿಗೆ ಹೊತ್ತಗೆಯ ತಿದ್ದಿದ ಪ್ರತಿ ಕೊಟ್ಟೆ. ತಿದ್ದಿಸಿದವಳು ಅವಳು. ನಾನು ಒಂದೊಂದು ವಾಕ್ಯ ಓದುತ್ತಿದ್ದಂತೆ, ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚುತ್ತ ಕುಳಿತ ಅವಳು, “ಇದನ್ನ ನಮ್ಮತ್ತೆಗೆ ಹೇಳೋ ಹಂಗೆ ಹೇಳಿ” ಎನ್ನುತ್ತಿದ್ದಳು. ಹಾಗೆ ಹೇಳುತ್ತ ಹೋದಂತೆ ಎಂಟು ಪುಟ ನಾಲ್ಕಾಯಿತು. ಕೇಂದ್ರದ ಅಧಿಕಾರಿಣಿ ಅದನ್ನು ತಿರುವಿ, ಅರ್ಧ ಮಾಹಿತಿ ಎಲ್ಲಿ ಬಿಟ್ಟುಹೋಯಿತು ಎಂದು ಅನುಮಾನದಿಂದ ಕೇಳಿದಳು. ಏನೂ ಬಿಟ್ಟಿಲ್ಲ, ಉದ್ದದ ಪದಗಳು ಹೋಗಿವೆ ಎಂದೆ.

ಜನವರಿಯ ಪರೀಕ್ಷೆಯ ದಿನ ಬಂತು. ಈ ಬಾರಿ ರಕ್ತ ಕೊಡುವಾಗ ಅವಳ ಉಗುರು ಗಂಡನ ಪಾಲಿಗೆ ಹೋಯಿತು. ಫಲಿತಾಂಶ ಕೇಳಲು ಹೋದ ಬೆಳಿಗ್ಗೆ ಅವನಿಗೆ ಕೆಲಸವಿತ್ತು, ನಾವಿಬ್ಬರೇ ಹೋದೆವು. ಕಾಯುವ ಕೋಣೆಯಲ್ಲಿ ಅವಳು ಗೋಡೆಯ ಮೇಲಿನ ಆಸ್ಪತ್ರೆಯ ಚಿತ್ರಕ್ಕೆ ಬೆನ್ನು ಮಾಡಿ ಕುಳಿತಳು. ಡ್ರಿಪ್ ಹಾಕಿದರೆ ಎಷ್ಟು ಹೊತ್ತು ಎಂದು ಒಮ್ಮೆ ಕೇಳಿದಳು, ವೈದ್ಯೆಯನ್ನೇ ಕೇಳೋಣ ಎಂದೆ.

ವೈದ್ಯೆ ಕಂಪ್ಯೂಟರಿನ ಪರದೆ ನೋಡಿದರು, ಹಳೆಯ ಅಂಕಿ ನೋಡಿದರು, ಮತ್ತೆ ಹೊಸದನ್ನು ನೋಡಿದರು. ಏರಿದೆ. ಇನ್ನೂ ಪೂರ್ತಿಯಲ್ಲ, ಮಾತ್ರೆ ನಿಲ್ಲಿಸುವಂತಿಲ್ಲ. ಆದರೆ ಡ್ರಿಪ್ ಬೇಡ, ಆಸ್ಪತ್ರೆ ಬೇಡ. ಹೆರಿಗೆ ಕೇಂದ್ರಕ್ಕೆ ಇಂದೇ ಪತ್ರ ಬರೆಯುತ್ತೇನೆ ಎಂದರು. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಉಸಿರು ಬಿಟ್ಟಳು.

ಮೊದಲಿನ ಆರು ವಾರ ನರಳಿದವಳು ಆಮೇಲೆ ಏನು ಬದಲಾಯಿಸಿಕೊಂಡಳು ಎಂದು ವೈದ್ಯೆ ನನ್ನನ್ನು ಕೇಳಿದರು. ಮಾತ್ರೆಯೂ ಕೆಲಸ ಮಾಡಿದೆ, ಆದರೆ ಊಟದ ಬಗ್ಗೆ ತಿಳಿಯುವ ಕುತೂಹಲವಿದೆ ಎಂದರು. ಇಂಥ ಪ್ರಶ್ನೆಗೆ ನನ್ನಲ್ಲಿ ಯಾವಾಗಲೂ ಉತ್ತರ ಸಿದ್ಧವಿರುತ್ತದೆ. ಬಾಯಿ ತೆರೆದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. “ನೀವು ಸುಮ್ನಿರಿ ಅಕ್ಕ. ನಾನು ಹೇಳ್ತೀನಿ.”

ಆಗ ಅವಳ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ, ಕೈಗಳು ಹೆಚ್ಚು. ಸೊಪ್ಪು ಎಂದಳು, ಅದಕ್ಕೆ ಬೇರೆ ಪದ ಹುಡುಕಲಿಲ್ಲ. ಕಾಳನ್ನು ಬೆರಳ ತುದಿಯಲ್ಲಿ ತೋರಿಸಿದಳು. ಗಾಳಿಯಲ್ಲಿ ಪಾತ್ರೆಯಿಟ್ಟು, ಅದರ ಮೇಲೆ ಬೋಗುಣಿಯಿಟ್ಟು, ಬಗ್ಗಿಸಿ, ಸಿಂಕಿನತ್ತ ಬೆರಳು ತೋರಿಸಿ ಇಲ್ಲ, ಇಲ್ಲ ಎಂದು ತಲೆಯಾಡಿಸಿದಳು. ಗಂಡ ಎಂಬ ಪದವನ್ನು ಮಾತ್ರ ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿ ಹಣೆ ಚಚ್ಚಿಕೊಂಡಳು. ವೈದ್ಯೆ ಜೋರಾಗಿ ನಕ್ಕು, ಪೆನ್ನನ್ನು ಕೆಳಗಿಟ್ಟು, ಕುರ್ಚಿಯನ್ನು ಇತ್ತ ತಿರುಗಿಸಿಕೊಂಡರು. ಆ ನೀರಿಗೆ ಏನೇನು ಹಾಕುತ್ತೀರಿ ಎಂದು ಅವಳನ್ನೇ ಕೇಳಿದರು. ಹೊರಗಿನಿಂದ ಯಾರೋ ಬಾಗಿಲು ತಟ್ಟಿ ಮುಂದಿನ ರೋಗಿ ಕಾಯುತ್ತಿದ್ದಾರೆಂದು ನೆನಪಿಸಿದರು. ಎದ್ದು ನಿಂತಿದ್ದ ನಾನು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕುಳಿತೆ. ಅವಳಿನ್ನೂ ಈರುಳ್ಳಿ ಹುರಿಯುತ್ತಿದ್ದಳು. ರುಬ್ಬುವುದು, ಬೆಳ್ಳುಳ್ಳಿಯ ಒಗ್ಗರಣೆ ಎಲ್ಲವೂ ಬಾಕಿಯಿತ್ತು.